ಬಸದಿ ನೋಡದೆ ಬಂದಿರಾ?

ಹಳೇಬೀಡಿನ ಬಳಿ ಮಕ್ಕಳೊಂದಿಗೆ ಡೇರೆ ಹಾಕಿ ಎರಡು ರಾತ್ರಿ ಕಳೆದ ನಿಮ್ಮ ಲೇಖನ ಓದಿದೆ. ನಾವೂ ಕಳೆದ ಡಿಸೆಂಬರಿನಲ್ಲಿ ಅಲ್ಲಿಯೇ ಭಾವನ ತೆಂಗಿನ ತೋಟದಲ್ಲಿ ಮಲಗಿದ್ದೆವು. ಹಾಸನದಲ್ಲಿ ಸ್ವಂತ ಮನೆ ಇಟ್ಟುಕೊಂಡು ಇದೇನು ಹುಚ್ಚು ಎಂದು ಅಮ್ಮ ನಕ್ಕಿದ್ದರು. ಇಬ್ಬನಿಗೆ ಡೇರೆಯ ಬಟ್ಟೆ ತೊಯ್ದು ತೊಪ್ಪೆಯಾಗಿ, ಹೊದಿಕೆಯ ಮೇಲೆಲ್ಲ ತಟತಟ ಹನಿ. ಕೋಳಿ ಕೂಗುವ ಮೊದಲೇ ಎದ್ದು ಕುಳಿತೆವು.

ಹೊಯ್ಸಳೇಶ್ವರ ಗುಡಿಯ ವರ್ಣನೆ ಚೆನ್ನಾಗಿದೆ. ಆದರೆ ಅಷ್ಟು ಹತ್ತಿರದಲ್ಲಿರುವ ಜೈನ ಬಸದಿಗಳ ಮಾತೇ ಇಲ್ಲವಲ್ಲ! ಹೊಯ್ಸಳ ದೊರೆ ವಿಷ್ಣುವರ್ಧನನ ದಂಡನಾಯಕ ಗಂಗರಾಜನ ಮಗ ಬೊಪ್ಪ 1133ರಲ್ಲಿ ಕಟ್ಟಿಸಿದ ಪಾರ್ಶ್ವನಾಥ ಬಸದಿಯ ಕಂಬಗಳನ್ನು ನೋಡಬೇಕು. ಬಳಪದ ಕಲ್ಲು ಅಗೆದಾಗ ಮೆದು, ಗಾಳಿಗೆ ಬಿದ್ದ ಮೇಲೆ ಗಟ್ಟಿ. ಅದನ್ನು ಕನ್ನಡಿಯಷ್ಟು ನುಣುಪಾಗಿ ಉಜ್ಜಿದ್ದಾರೆ. ನನ್ನ ಮಗಳು ತನ್ನ ಮುಖ ಪಡವಲಕಾಯಿಯಂತೆ ನೀಳವಾದದ್ದನ್ನು ಕಂಡು ಕಂಬ ಬಿಟ್ಟು ಕದಲಲಿಲ್ಲ. ಬೇಲೂರಿಗೆ ಹೊರಡುವಾಗ ಮಧ್ಯಾಹ್ನವೇ ಆಯಿತು.

ದ್ವಾರಸಮುದ್ರ ಕೆರೆಯ ಏರಿಯ ಮೇಲೆ ಡೇರೆ ಹಾಕಬಹುದು ಎಂಬ ಸಲಹೆಯನ್ನು ಮಾತ್ರ ದಯವಿಟ್ಟು ತೆಗೆದುಹಾಕಿ. ಊರಿನವರು ಓಡಾಡುವ ದಾರಿ ಅದು.