ಸಮಯದ ಅಭಾವದ ಪ್ರಯುಕ್ತ

ವಿಚಾರ ಸಂಕಿರಣದಲ್ಲಿ ಪ್ರಬಂಧ ಮಂಡಿಸಲು ಎದ್ದವರು ಮೈಕು ಸರಿಮಾಡಿಕೊಂಡು, ಶೀರ್ಷಿಕೆ ಓದಿ, ‘ಪೀಠಿಕೆ’ ಎಂದು ಬಾಯಿ ತೆರೆಯುವಷ್ಟರಲ್ಲಿ ಪಕ್ಕದಿಂದ ನಾಲ್ಕಾಗಿ ಮಡಚಿದ ಚೀಟಿಯೊಂದು ಬರುತ್ತದೆ. ಬಿಚ್ಚಿ ನೋಡಬೇಕಾಗಿಯೇ ಇಲ್ಲ. ಬೀದರಿನ ಕಾಲೇಜಾಗಲಿ ಚಾಮರಾಜನಗರದ ಕಾಲೇಜಾಗಲಿ, ಒಳಗಿರುವ ಒಕ್ಕಣೆ ಒಂದೇ: ‘ಸಮಯದ ಅಭಾವವಿರುವುದರಿಂದ ಎರಡು ನಿಮಿಷದಲ್ಲಿ ಮುಗಿಸಿ.’ ಇನ್ನೂ ಶುರುವೇ ಆಗದ್ದನ್ನು ಮುಗಿಸುವುದು ಹೇಗೆಂದು ಯಾವ ಸಂಶೋಧನಾ ವಿಧಾನದ ಪುಸ್ತಕವೂ ಹೇಳಿಕೊಡುವುದಿಲ್ಲ.

ಫೆಬ್ರುವರಿ, ಮಾರ್ಚ್ ಬಂತೆಂದರೆ ಈ ಚೀಟಿಗಳ ಸುಗ್ಗಿ. ಮಂಜೂರಾದ ಅನುದಾನವನ್ನು ಮಾರ್ಚ್ 31ರೊಳಗೆ ಖರ್ಚು ಮಾಡಿ ಲೆಕ್ಕ ಒಪ್ಪಿಸಬೇಕು, ಹೀಗಾಗಿ ಜಿಲ್ಲೆಗೆ ನಾಲ್ಕರಂತೆ ರಾಷ್ಟ್ರೀಯ ವಿಚಾರ ಸಂಕಿರಣಗಳು ಏಕಕಾಲಕ್ಕೆ ಏಳುತ್ತವೆ. ಎಲ್ಲ ಕಡೆಯೂ ಸಮಯದ ಅಭಾವ. ಅದೇನು ಮಳೆ ಬಾರದೆ ಬಂದ ಬರವೇ? ಬೆಳಿಗ್ಗೆ ಹತ್ತರಿಂದ ವೇದಿಕೆಯ ಮೇಲೆ ಎಲ್ಲರೂ ಸೇರಿ ಕೈಯಾರೆ ಮಾಡಿದ್ದು. ಲೆಕ್ಕ ಇಲ್ಲಿದೆ.

ಆಹ್ವಾನ ಪತ್ರಿಕೆಯ ಪ್ರಕಾರ 9.30ಕ್ಕೆ ನೋಂದಣಿ, 10ಕ್ಕೆ ಉದ್ಘಾಟನೆ. ನೋಂದಣಿ ಮೇಜಿನ ಬಳಿ ಚೀಲ, ನೋಟ್‌ಪ್ಯಾಡು, ಊಟದ ಕೂಪನ್ನು, ನೋಂದಣಿ ಪುಸ್ತಕದ ಸಹಿ ಮುಗಿಯುವತನಕ ಮಾತ್ರ ಬರೆಯುವ ಒಂದು ಪೆನ್ನು. ಅಲ್ಲಿ ಕೇಳಿಬರುವ ಮೊದಲ ಪ್ರಶ್ನೆ ವಿಷಯದ ಬಗ್ಗೆಯಲ್ಲ, ‘ಸರ್ಟಿಫಿಕೇಟ್ ಎಷ್ಟು ಗಂಟೆಗೆ ಕೊಡ್ತೀರಿ?’ ಎಂಬುದು. ಹತ್ತು ಗಂಟೆಗೆ ಉದ್ಘಾಟಕರಿಗೆ ಫೋನ್ ಮಾಡಿದರೆ ಅವರು ‘ಟೋಲ್ ದಾಟಿದ್ವಿ, ಹತ್ತೇ ನಿಮಿಷ’ ಅನ್ನುತ್ತಾರೆ. ಯಾವ ಟೋಲ್ ಎಂದು ಕೇಳುವ ಧೈರ್ಯ ಸಂಚಾಲಕರಿಗಿಲ್ಲ. ಹಾಜರಾತಿಯ ಭಯ ತೋರಿಸಿ ಕರೆತಂದ ಎರಡನೇ ವರ್ಷದ ಬಿ.ಎ. ಮಕ್ಕಳು ಸಭಾಂಗಣ ತುಂಬಿ ಕೂತಿರುತ್ತಾರೆ. 10.50ಕ್ಕೆ ಕಾರು ಬರುತ್ತದೆ. ಬಂದ ಕಾರು ನೇರ ವೇದಿಕೆಗೆ ಬರುವುದಿಲ್ಲ. ಪ್ರಾಂಶುಪಾಲರ ಕೊಠಡಿಯಲ್ಲಿ ಗೋಡಂಬಿ, ಕಾಫಿ, ಫೋಟೋ. ಹೀಗೆ 11.15.

ದೀಪದ ಕತೆ ಎಲ್ಲರಿಗೂ ಗೊತ್ತಿದ್ದದ್ದೇ. ಬತ್ತಿಯನ್ನು ಹಿಂದಿನ ರಾತ್ರಿಯೇ ಎಣ್ಣೆಯಲ್ಲಿ ನೆನೆಸಿ, ತುದಿಗೆ ಚೂರು ಕರ್ಪೂರ ಒತ್ತಿ, ವೇದಿಕೆಯ ಫ್ಯಾನಿನ ಸ್ವಿಚ್ ಯಾವುದೆಂದು ಬಲ್ಲ ಒಬ್ಬ ಅಟೆಂಡರನ್ನು ಅದರ ಬಳಿಯೇ ನಿಲ್ಲಿಸಿದರೆ ಎರಡು ನಿಮಿಷದ ಕೆಲಸ. ಅಷ್ಟು ಮಾಡದಿದ್ದರೆ ಐದು ಬತ್ತಿ, ಹನ್ನೊಂದು ಗಣ್ಯರು, ಒಂದು ಮೇಣದಬತ್ತಿ, ಅರ್ಧ ಪೊಟ್ಟಣ ಬೆಂಕಿಕಡ್ಡಿ. ನಂತರ ನಾಡಗೀತೆ. ಆಲಾಪವಿಲ್ಲದೆ, ಸಾಲುಗಳ ಪುನರಾವರ್ತನೆಯಿಲ್ಲದೆ 2 ನಿಮಿಷ 30 ಸೆಕೆಂಡಿನಲ್ಲಿ ಹಾಡಬೇಕೆಂದು ಸರ್ಕಾರ 2022ರಲ್ಲಿ ಆದೇಶ ಮಾಡಿದೆ. ಇಡೀ ದಿನದಲ್ಲಿ ನಿಗದಿತ ಅವಧಿಯಲ್ಲಿ ಮುಗಿಯುವ ಕಾರ್ಯಕ್ರಮ ಅದೊಂದೇ.

ಇನ್ನು ಹೆಸರುಗಳು. ಅಭಾವದ ಅಸಲು ಗುಟ್ಟು ಇರುವುದು ಇಲ್ಲಿ.

ವೇದಿಕೆಯ ಮೇಲೆ ಹನ್ನೊಂದು ಜನ ಎಂದಿಟ್ಟುಕೊಳ್ಳಿ: ಉದ್ಘಾಟಕರು, ಅಧ್ಯಕ್ಷತೆ ವಹಿಸಿದ ಪ್ರಾಂಶುಪಾಲರು, ದಿಕ್ಸೂಚಿ ಭಾಷಣಕಾರರು, ಆಡಳಿತ ಮಂಡಳಿಯ ಅಧ್ಯಕ್ಷರು, ಕಾರ್ಯದರ್ಶಿಗಳು, ಮೂವರು ಮುಖ್ಯ ಅತಿಥಿಗಳು, ಕಾಲೇಜಿನ ಗುಣಮಟ್ಟ ನೋಡಿಕೊಳ್ಳುವ ಐಕ್ಯೂಎಸಿ ಘಟಕದ ಸಂಯೋಜಕರು, ವಿಭಾಗದ ಮುಖ್ಯಸ್ಥರು, ಸಂಚಾಲಕರು. ಇದು ಮಿತವ್ಯಯದ ವೇದಿಕೆ. ಹನ್ನೊಂದೂ ಜನ ಮಾತಾಡುತ್ತಾರೆ. ಪ್ರತಿಯೊಬ್ಬರೂ ಉಳಿದ ಹತ್ತು ಜನರನ್ನು ಹೆಸರು ಹಿಡಿದು ಸಂಬೋಧಿಸಿದ ಮೇಲೆಯೇ ವಿಷಯಕ್ಕೆ ಬರುವುದು. ಬರೀ ಹೆಸರಾದರೆ ಎರಡು ಸೆಕೆಂಡು. ಆದರೆ ‘ನಾಡಿನ ಹಿರಿಯ ವಿದ್ವಾಂಸರೂ, ಸರಳ ಸಜ್ಜನಿಕೆಯ ಸಾಕಾರಮೂರ್ತಿಗಳೂ, ನನ್ನ ಆತ್ಮೀಯರೂ ಆದ’ ಎಂಬ ಇಂಜಿನ್ನು ಸೇರಿದರೆ ಸರಾಸರಿ ಏಳು ಸೆಕೆಂಡು. ನಿರೂಪಕರು ಪ್ರತಿಯೊಬ್ಬರ ಹೆಸರನ್ನೂ ಮಾತಿಗೆ ಕರೆಯುವಾಗ ಒಮ್ಮೆ, ಮಾತು ಮುಗಿದಾಗ ‘ಇದುವರೆಗೆ ಅಮೂಲ್ಯವಾದ ನುಡಿಗಳನ್ನಾಡಿದ’ ಎಂದು ಇನ್ನೊಮ್ಮೆ, ಸನ್ಮಾನದ ಹೊತ್ತಿಗೆ ಮತ್ತೊಮ್ಮೆ ಹೇಳುತ್ತಾರೆ. ವಂದನಾರ್ಪಣೆಯಲ್ಲಿ ಒಂದು ಸಲ. ಅಲ್ಲಿಗೆ ತಲೆಗೆ 14 ಸಲ. 11 ಜನಕ್ಕೆ 154 ಸಲ. ಏಳೇಳು ಸೆಕೆಂಡಿನಂತೆ 1,078 ಸೆಕೆಂಡು, ಅಂದರೆ ಸುಮಾರು 18 ನಿಮಿಷ.

ಈ ಹದಿನೆಂಟು ನಿಮಿಷದಲ್ಲಿ ಯಾರೂ ಏನನ್ನೂ ಹೇಳಿಲ್ಲ, ಗಮನಿಸಿ. ಯಾರು ಯಾರ ಪಕ್ಕ ಕೂತಿದ್ದಾರೆಂಬುದು ಫ್ಲೆಕ್ಸಿನಲ್ಲೂ ಇದೆ, ಆಹ್ವಾನ ಪತ್ರಿಕೆಯಲ್ಲೂ ಇದೆ, ಅವರವರ ಮುಂದಿನ ನಾಮಫಲಕದಲ್ಲೂ ಇದೆ. ಸ್ವಾಗತ ಭಾಷಣದ ಪರಿಚಯ ಬೇರೆ ಬಾಬ್ತು. ಅದು ತಲೆಗೆ ಒಂದೂವರೆ ನಿಮಿಷ, ಹುಟ್ಟೂರಿನಿಂದ ಶುರು. ನಿರೂಪಕರು ಪ್ರತಿ ಭಾಷಣದ ನಂತರ ಹಿಂಡಿ ಕೊಡುವ ಸಾರಾಂಶ, ಮುಂದಿನವರನ್ನು ಕರೆಯುವ ಮುನ್ನ ಹೇಳುವ ವಚನ ಅಥವಾ ಶಾಯರಿ ಕೂಡ ಈ ಲೆಕ್ಕದಲ್ಲಿ ಬಂದಿಲ್ಲ.

ಒಂದು ಹೆಸರು ಬಿಟ್ಟುಹೋಯಿತೋ, ಇನ್ನೂ ಕಷ್ಟ. ಭಾಷಣ ಅರ್ಧದಾರಿಯಲ್ಲಿರುವಾಗ ಹಿಂದಿನಿಂದ ಯಾರೋ ಜುಬ್ಬದ ತುದಿ ಜಗ್ಗಿ ಕಿವಿಯಲ್ಲಿ ಉಸುರುತ್ತಾರೆ. ‘ಕ್ಷಮಿಸಬೇಕು, ಬಹಳ ಮುಖ್ಯವಾದವರನ್ನೇ ಮರೆತಿದ್ದೆ’ ಎಂದು ಅವರಿಗೆ ಬಡ್ಡಿಸಮೇತ ಇಪ್ಪತ್ತು ಸೆಕೆಂಡು ಸಲ್ಲುತ್ತದೆ. ಅದನ್ನು ಕೇಳಿ, ಏಳು ಸೆಕೆಂಡು ಮಾತ್ರ ಪಡೆದ ಮಿಕ್ಕವರ ಮುಖ ಸಣ್ಣಗಾಗುತ್ತದೆ. ಇನ್ನು ಕೆಲವರು ‘ಸಮಯದ ಅಭಾವದಿಂದ ಎಲ್ಲರ ಹೆಸರನ್ನೂ ಹೇಳಲು ಹೋಗುವುದಿಲ್ಲ’ ಎಂದು ಆರಂಭಿಸುತ್ತಾರೆ. ಕೇಳುವವರಿಗೆ ಜೀವ ಬಂದಂತಾಗುತ್ತದೆ. ಆಮೇಲೆ ‘ಆದರೂ’ ಎಂದು ಎಲ್ಲರ ಹೆಸರನ್ನೂ ಹೇಳುತ್ತಾರೆ.

ಇಷ್ಟರ ನಡುವೆ ಊರಿನ ಮುಖಂಡರೊಬ್ಬರು ತಡವಾಗಿ ಬರುತ್ತಾರೆ. ಭಾಷಣ ನಿಲ್ಲುತ್ತದೆ, ಹನ್ನೆರಡನೇ ಕುರ್ಚಿ ತಲೆಗಳ ಮೇಲಿಂದ ತೇಲಿಕೊಂಡು ಬರುತ್ತದೆ, ಗಣ್ಯರೆಲ್ಲ ನೀರಿನ ಬಾಟಲಿ ಹಿಡಿದು ಅರ್ಧರ್ಧ ಅಡಿ ಜರುಗುತ್ತಾರೆ. ಒಬ್ಬರು ಹೆಚ್ಚಾದರೆ 14 ಸಲ ಹೆಚ್ಚಿತು ತಾನೇ ಎಂದುಕೊಳ್ಳಬೇಡಿ. ಬಂದವರೂ ಉಳಿದ ಹನ್ನೊಂದು ಜನರನ್ನು ಸಂಬೋಧಿಸಬೇಕು. 12 ಜನಕ್ಕೆ ತಲೆಗೆ 15ರಂತೆ 180, ಹೆಚ್ಚಿದ್ದು 26. ವೇದಿಕೆಯ ಒಂದು ಕುರ್ಚಿಗೆ ಮೂರು ನಿಮಿಷ ದಂಡ ಎಂದು ಸಂಘಟನಾ ಸಮಿತಿ ಮೊದಲ ಸಭೆಯಲ್ಲೇ ಬರೆದಿಟ್ಟುಕೊಳ್ಳಬೇಕು.

ಸನ್ಮಾನಕ್ಕೆ ಬರೋಣ. ಸರ್ಕಾರಿ ಸಮಾರಂಭಗಳಲ್ಲಿ ಹಾರ, ತುರಾಯಿ, ಶಾಲು, ಹಣ್ಣಿನ ಬುಟ್ಟಿ, ಸ್ಮರಣಿಕೆ ಬೇಡ, ಕೊಡುವುದಿದ್ದರೆ ಕನ್ನಡ ಪುಸ್ತಕ ಕೊಡಿ ಎಂದು 2021ರ ಆಗಸ್ಟ್‌ನಲ್ಲಿ ಸುತ್ತೋಲೆ ಬಂತು. ಚಾಚೂ ತಪ್ಪದೆ ಪಾಲನೆಯಾಗಿದೆ: ಈಗ ಹಾರ, ಶಾಲು, ಪೇಟ, ಹಣ್ಣಿನ ಬುಟ್ಟಿ, ಸ್ಮರಣಿಕೆ ಇವುಗಳ ಜೊತೆಗೆ ಪುಸ್ತಕವನ್ನೂ ಕೊಡುತ್ತಾರೆ. ಫೋಟೋದವನು ‘ಸರ್, ಇನ್ನೊಂದ್ಸಲ ಈ ಕಡೆ ನೋಡಿ’ ಎಂದಾಗ ಹಾಕಿದ ಪೇಟ ತೆಗೆದು ಮತ್ತೆ ಹಾಕುತ್ತಾರೆ. ರಾಜ್ಯದಲ್ಲಿ ಪ್ಲಾಸ್ಟಿಕ್ ಫ್ಲೆಕ್ಸ್ 2016ರಿಂದ ನಿಷಿದ್ಧ; ಪರಿಸರ ಸಂರಕ್ಷಣೆಯ ಸಂಕಿರಣವಾದರೆ ವೇದಿಕೆಯ ಹಿಂದಿನ ಫ್ಲೆಕ್ಸಿಗೆ ಹಸಿರು ಬಣ್ಣ.

ದಿಕ್ಸೂಚಿ ಭಾಷಣ ಮುಗಿಯುವಾಗ 1.45. ಊಟ. ಚಿರೋಟಿ ಚೆನ್ನಾಗಿರುತ್ತದೆ. ವಿದ್ಯಾರ್ಥಿಗಳು ಕೈ ತೊಳೆದವರು ಹಾಗೇ ಬಸ್ ಸ್ಟ್ಯಾಂಡಿಗೆ ಹೋಗುತ್ತಾರೆ. ಅದಕ್ಕೇ ಕಾಲೇಜುಗಳ ಮೌಲ್ಯಮಾಪನ ಮಾಡುವ ನ್ಯಾಕ್ ಸಂಸ್ಥೆಗೆ ತೋರಿಸುವ ಕಡತದ ಜಿಯೋಟ್ಯಾಗ್ ಫೋಟೋಗಳನ್ನು ಊಟಕ್ಕೆ ಮುಂಚೆಯೇ ತೆಗೆದುಕೊಳ್ಳಬೇಕು, ಮೊಬೈಲಿನ ಲೊಕೇಶನ್ ಆನ್ ಇದೆಯೇ ಎಂದು ನೋಡಿಕೊಂಡು. ಅಕ್ಷಾಂಶ ರೇಖಾಂಶ ಎಷ್ಟೇ ಸರಿಯಿದ್ದರೂ ಖಾಲಿ ಕುರ್ಚಿಗಳ ಫೋಟೋ ಸಂಶೋಧನೆ ಕುರಿತ ಮೂರನೇ ಮಾನದಂಡದ ಕಡತಕ್ಕೆ ಒದಗುವುದಿಲ್ಲ.

ಪ್ರಬಂಧಗಳು 42. ಮೂರು ಕೊಠಡಿ, ಕೊಠಡಿಗೆ 14. ಒಬ್ಬರಿಗೆ 15 ನಿಮಿಷವೆಂದು ಆಹ್ವಾನ ಪತ್ರಿಕೆ ಹೇಳುತ್ತದೆ. ಅದರ ಪ್ರಕಾರ ಮೂರೂವರೆ ಗಂಟೆ ಬೇಕು, ಅದೇ ಪತ್ರಿಕೆ ಗೋಷ್ಠಿಗೆ ಕೊಟ್ಟಿರುವುದು ಎರಡು ಗಂಟೆ. ಉದ್ಘಾಟನೆ ತಡವಾಗುವ ಮೊದಲೇ ಲೆಕ್ಕ ತಪ್ಪಿತ್ತು. ನೋಂದಣಿ ಶುಲ್ಕ ಕಟ್ಟಿಸಿಕೊಂಡ ಮೇಲೆ ಯಾರಿಗೂ ಇಲ್ಲ ಎನ್ನುವಂತಿಲ್ಲ. ಗೋಷ್ಠಿ ಆರಂಭವಾಗುವುದು 2.45ಕ್ಕೆ, 4ಕ್ಕೆ ಸಮಾರೋಪ. ಉಳಿದದ್ದು 75 ನಿಮಿಷ. ಗೋಷ್ಠಿಯ ಅಧ್ಯಕ್ಷರ ‘ಎಲ್ಲ ಪ್ರಬಂಧಗಳೂ ಒಂದಕ್ಕಿಂತ ಒಂದು ಚೆನ್ನಾಗಿವೆ’ ಎಂಬ ವಿಮರ್ಶೆಗೆ 15 ಕಳೆಯಿರಿ. ಅರವತ್ತನ್ನು ಹದಿನಾಲ್ಕು ಜನಕ್ಕೆ ಹಂಚಿದರೆ ನಾಲ್ಕು ಕಾಲು ನಿಮಿಷ. ಅದರಲ್ಲಿ ಪೆನ್‌ಡ್ರೈವ್ ಸಿಕ್ಕಿಸಿ ಫೈಲು ಹುಡುಕುವುದಕ್ಕೆ ಒಂದೂವರೆ. ಕೈಗೆ ಬಂದದ್ದು ಎರಡೂ ಮುಕ್ಕಾಲು. ಚೀಟಿ ಬರೆದವರನ್ನು ಬೈಯುವಂತಿಲ್ಲ, ಅವರ ಗಣಿತ ಸರಿಯಾಗಿದೆ.

ಪೆನ್‌ಡ್ರೈವಿನ ಒಂದೂವರೆ ನಿಮಿಷ ಮಾತ್ರ ಉಳಿಸಬಹುದಾದದ್ದು. ಹೊಸ ಲ್ಯಾಪ್‌ಟಾಪಿನಲ್ಲಿ ಎಚ್‌ಡಿಎಂಐ ಮಾತ್ರ ಇರುತ್ತದೆ, ಕಾಲೇಜಿನ ಪ್ರೊಜೆಕ್ಟರಿನ ತಂತಿ ವಿಜಿಎ. ನಡುವೆ ಬೇಕಾದ ಅಡಾಪ್ಟರ್ ಪ್ರಾಂಶುಪಾಲರ ಬೀರುವಿನಲ್ಲಿ. ತಂತಿ ಕೂಡಿದರೂ ಪರದೆ ನೀಲಿಯಾಗಿದ್ದರೆ ವಿಂಡೋಸ್ ಕೀ ಜೊತೆ ‘ಪಿ’ ಒತ್ತಿ ‘ಡುಪ್ಲಿಕೇಟ್’ ಆರಿಸಬೇಕು. ಅಷ್ಟಾದ ಮೇಲೆ ಸ್ಲೈಡು ತೆರೆದುಕೊಳ್ಳುತ್ತದೆ, ಕನ್ನಡ ಇರುವುದಿಲ್ಲ. ಹಳೆಯ ನುಡಿ ಫಾಂಟಿನಲ್ಲಿ ಟೈಪಿಸಿದ ಕಡತ, ಆ ಫಾಂಟ್ ಇಲ್ಲದ ಯಂತ್ರದಲ್ಲಿ ಟೊಪ್ಪಿಗೆ ಹಾಕಿಕೊಂಡ ರೋಮನ್ ಅಕ್ಷರಗಳ ಸಾಲಾಗಿ ನಿಲ್ಲುತ್ತದೆ. ಒಳಗಿರುವುದು ರೋಮನ್ ಅಕ್ಷರಗಳಿಗೆಂದಿರುವ ಆಸ್ಕಿ ಸಂಕೇತ, ಎಲ್ಲ ಯಂತ್ರಗಳೂ ಓದಬಲ್ಲ ಯೂನಿಕೋಡ್ ಅಲ್ಲ. ಮನೆಯಲ್ಲೇ ಪಿಡಿಎಫ್ ಮಾಡಿಕೊಂಡು ಬಂದರೆ ಫಾಂಟು ಒಳಗೇ ಕೂತು ಬರುತ್ತದೆ, ಈ ಗೋಳಿಲ್ಲ. ಮಂಡಿಸಿದ ಪ್ರಬಂಧಗಳನ್ನೆಲ್ಲ ಸೇರಿಸಿ ನಡಾವಳಿ ಪುಸ್ತಕ ಮಾಡುವವರದೂ ಇದೇ ಪಾಡು. ನುಡಿಯ ಹಳೆಯ ಸಂಕೇತದಲ್ಲಿ ‘ಧ’ದ ಹೊಕ್ಕುಳು ಸೀಳುವ ಗೀಟು ಪ್ರತ್ಯೇಕ ತುಣುಕು. ಅದು ಉದುರಿದರೆ ಮುಖಪುಟದ ಮೇಲೆ ‘ದರ್ಮ ಮತ್ತು ಸಮಾಜ’ ಎಂದು ಅಚ್ಚಾಗುತ್ತದೆ, ಪುಸ್ತಕದ ಗುರುತಿನ ಸಂಖ್ಯೆಯಾದ 13 ಅಂಕಿಯ ಐಎಸ್‌ಬಿಎನ್ ಸಮೇತ. ಆ ಸಂಖ್ಯೆಯನ್ನು ದೆಹಲಿಯ ರಾಜಾ ರಾಮಮೋಹನ ರಾಯ್ ಏಜೆನ್ಸಿ ಉಚಿತವಾಗಿ ಕೊಡುತ್ತದೆ. ಬರೆದವರಿಂದ ಪಡೆಯುವ ‘ಐಎಸ್‌ಬಿಎನ್ ಶುಲ್ಕ’ ಯಾವುದಕ್ಕೆಂದು ಕೇಳಿನೋಡಿ.

ಯಾಕೆ ಬರುತ್ತಾರೆ ಇಷ್ಟೆಲ್ಲ ಪಾಡಿಗೆ? ಅಧ್ಯಾಪಕರ ಬಡ್ತಿಗೆ ಅಂಕ ಬೇಕು. ಯುಜಿಸಿಯ (ವಿಶ್ವವಿದ್ಯಾಲಯ ಧನಸಹಾಯ ಆಯೋಗ) 2018ರ ನಿಯಮಾವಳಿಯಲ್ಲಿ ಪ್ರಬಂಧ ಮಂಡನೆಗೆ ರಾಜ್ಯ ಮಟ್ಟದಲ್ಲಾದರೆ 2 ಅಂಕ, ರಾಷ್ಟ್ರೀಯವಾದರೆ 3, ದೇಶದೊಳಗಿನ ಅಂತಾರಾಷ್ಟ್ರೀಯಕ್ಕೆ 5, ಹೊರದೇಶದಲ್ಲಾದರೆ 7. ಹೊರದೇಶದ ಒಬ್ಬರು ಜೂಮ್‌ನಲ್ಲಿ ಹತ್ತು ನಿಮಿಷ ಕಾಣಿಸಿಕೊಂಡು ‘ಕೇಳಿಸ್ತಿದೆಯಾ?’ ಅಂದರೆ ತಾಲ್ಲೂಕು ಕೇಂದ್ರದ ಸಂಕಿರಣವೂ 3ರಿಂದ 5ಕ್ಕೆ ಏರುತ್ತದೆ. ಕೇಳಿಸಲೇಬೇಕೆಂಬ ನಿಯಮವಿಲ್ಲ. 2016ರ ನಿಯಮಗಳ ಪ್ರಕಾರ ಪಿಎಚ್‌.ಡಿ. ಪ್ರಬಂಧ ಸಲ್ಲಿಸುವ ಮುನ್ನ ಎರಡು ಮಂಡನೆ ಕಡ್ಡಾಯವೂ ಆಗಿತ್ತು. ಇಪ್ಪತ್ತು ನಿಮಿಷ ಓದಿದರೂ ಅಷ್ಟೇ ಅಂಕ, ಎರಡು ನಿಮಿಷ ಓದಿದರೂ ಅಷ್ಟೇ. ಲಾಕ್‌ಡೌನಿನ ವೆಬಿನಾರುಗಳಲ್ಲಂತೂ ಯಾರೂ ಏನನ್ನೂ ಕೇಳಬೇಕಾಗಿರಲಿಲ್ಲ. ಗೂಗಲ್ ಫಾರ್ಮ್ ತುಂಬಿದರೆ ಸಾಕಿತ್ತು, ಸರ್ಟಿಫಿಕೇಟ್ ತಾನಾಗಿ ಇಮೇಲಿಗೆ ಬರುತ್ತಿತ್ತು. ಅದನ್ನು ತಾನಾಗಿ ಕಳಿಸುವ ಸ್ಕ್ರಿಪ್ಟು ಮಾಮೂಲಿ ಜಿಮೇಲ್ ಖಾತೆಯಿಂದ ದಿನಕ್ಕೆ 100 ಜನರಿಗಷ್ಟೇ ಅಂಚೆ ಕಳಿಸುತ್ತದೆ ಎಂಬುದು ಅನೇಕ ಸಂಚಾಲಕರಿಗೆ ತಿಳಿದದ್ದು ನೂರಾ ಒಂದನೆಯವರ ಫೋನ್ ಬಂದಾಗ.

ಇಂಥ ಗೋಷ್ಠಿಗಳಲ್ಲೂ ಒಬ್ಬರಿರುತ್ತಾರೆ. ಹಳ್ಳಿ ಹಳ್ಳಿ ಅಲೆದು ವೀರಗಲ್ಲು, ಮಾಸ್ತಿಕಲ್ಲುಗಳ ಅಳತೆ ತೆಗೆದು, ಪೂಜಾರಪ್ಪನ ಹತ್ತಿರ ಬೈಸಿಕೊಂಡು, ಎಣ್ಣೆ ಜಿಡ್ಡು ಒರೆಸಿ ಅಕ್ಷರ ಓದಿ ತಂದ ಹುಡುಗಿ. ರಸ್ತೆ ಅಗಲೀಕರಣಕ್ಕೆ ಸಿಕ್ಕಿ ಈಗ ಇಲ್ಲವೇ ಇಲ್ಲವಾದ ಕಲ್ಲುಗಳ ಫೋಟೋ ಅವಳ ಏಳನೇ ಸ್ಲೈಡಿನಲ್ಲಿ. ಚೀಟಿ ಬರುವುದು ಮೂರನೆಯದಕ್ಕೆ. ಕೊಠಡಿಯಲ್ಲಿ ಅಧ್ಯಕ್ಷರು, ಮುಂದೆ ಓದಬೇಕಾದವರು, ಗೋಡೆಯ ಪ್ಲಗ್ಗಿನ ಬಳಿ ಮೊಬೈಲ್ ಚಾರ್ಜಿಗಿಟ್ಟವರೊಬ್ಬರು. ಪ್ರಶ್ನೆ ಕೇಳಲು ಸಮಯದ ಅಭಾವ.

ಸಂಘಟಕರಿಗೆ ಮೂರು ಬೇಡಿಕೆ. ವೇದಿಕೆಯ ಮೇಲೆ ಐದೇ ಕುರ್ಚಿ. ಹೆಸರುಗಳನ್ನು ಹೇಳುವ ಹಕ್ಕು ಸ್ವಾಗತಕಾರರೊಬ್ಬರಿಗೇ, ಉಳಿದವರೆಲ್ಲ ‘ವೇದಿಕೆಯ ಎಲ್ಲರಿಗೂ ನಮಸ್ಕಾರ’ ಎಂದು ನಿಲ್ಲಿಸಬೇಕು. ನಾಡಗೀತೆಗಿರುವ ಆಲಾಪ, ಪುನರಾವರ್ತನೆಯ ನಿಷೇಧ ಅವರಿಗೂ ಅನ್ವಯ. ಪ್ರಬಂಧಗಳು ಬೆಳಿಗ್ಗೆ 10ಕ್ಕೆ, ಉದ್ಘಾಟನೆ ಮಧ್ಯಾಹ್ನ 3ಕ್ಕೆ, ಹೇಗೂ ಆಗ ಉದ್ಘಾಟಕರು ಬಂದಿರುತ್ತಾರೆ. ಹೀಗೆ ಮಾಡಿದರೆ ಪ್ರತಿಯೊಬ್ಬರಿಗೂ ಹದಿನೈದು ನಿಮಿಷ ಖಂಡಿತ ಸಿಗುತ್ತದೆ. ಆಗ ಹದಿನೈದು ನಿಮಿಷಕ್ಕೆ ಸಾಲುವಷ್ಟು ಸರಕನ್ನೂ ತರಬೇಕಾಗುತ್ತದೆ, ಮುಗಿದ ಮೇಲೆ ಯಾರಾದರೂ ಎದ್ದು ಪ್ರಶ್ನೆ ಕೇಳಿಯೂ ಬಿಡಬಹುದು. ಚೀಟಿಯ ವಿರುದ್ಧ ನಲವತ್ತೆರಡು ಮಂಡಕರಲ್ಲಿ ಒಬ್ಬರೋ ಇಬ್ಬರೋ ಬಿಟ್ಟರೆ ಮಿಕ್ಕವರು ಈತನಕ ಒಂದು ದೂರನ್ನೂ ಕೊಟ್ಟಿಲ್ಲ.