ಕಾಫಿ ಡಬರಿ ಮತ್ತು ಮೇಣದ ಬತ್ತಿ

ದೀಪಾವಳಿಗೆ ಮೂರು ದಿನವಿರುವಾಗ ನಮ್ಮ ಮನೆಯಲ್ಲಿ ಕಾಫಿಗೆ ನೀರು ಕಾಯಿಸುವ ಡಬರಿ ಕಾಣೆಯಾಯಿತು. ಹುಡುಕಿದರೆ ಅದು ಹಿತ್ತಿಲ ಒಲೆಯ ಮೇಲೆ, ದೊಡ್ಡ ಪಾತ್ರೆಯ ಕುದಿನೀರಿನ ನಡುವೆ, ಹೊಟ್ಟೆತುಂಬ ಕರಗಿದ ಮೇಣ ಹೊತ್ತು ಕುಳಿತಿತ್ತು. ಪಕ್ಕದಲ್ಲಿ ನನ್ನ ಮಗಳು, ಮನೆಯಲ್ಲೇ ಇರುವ ಸಾಮಾನುಗಳಿಂದ ಅಲಂಕಾರದ ಮೇಣದ ಬತ್ತಿ ಮಾಡುವುದನ್ನು ಮೊಬೈಲಿನಲ್ಲಿ ನೋಡುತ್ತಿದ್ದಳು.

‘ಮನೆಯಲ್ಲೇ ಇರುವ ಸಾಮಾನು’ ಎಂಬ ಮಾತು ಕೇಳಿದರೆ ನನಗೆ ಮೈ ಉರಿಯುತ್ತದೆ. ಸಿಲಿಕೋನ್ ಅಚ್ಚು, ಮಲ್ಲಿಗೆಯ ಸುಗಂಧತೈಲ, ಮೇಣದ ಬಿಸಿ ಅಳೆಯುವ ಕಡ್ಡಿ ಇವೆಲ್ಲ ಯಾರ ಅಡುಗೆಮನೆಯಲ್ಲಿ ಬಿದ್ದಿರುತ್ತವೆಯೋ ನಾನರಿಯೆ. ನಮ್ಮಲ್ಲಿ ಇದ್ದುದು ಡಬರಿಯೊಂದೇ. ಉಳಿದುದನ್ನು ಚಿಕ್ಕಮಗಳೂರಿನ ಎಂ.ಜಿ. ರಸ್ತೆಯಲ್ಲಿ ಅಲೆದು ನಾನೇ ತಂದಿದ್ದೆ, ಮೇಣಕ್ಕೆಂದು ಎರಡು ಪೊಟ್ಟಣ ಸಾದಾ ಮೇಣದ ಬತ್ತಿಗಳನ್ನೂ ಸೇರಿಸಿ. ಮೇಣದ ಬತ್ತಿ ಕರಗಿಸಿ ಮೇಣದ ಬತ್ತಿ ಮಾಡುವುದರಲ್ಲಿ ಏನು ಅರ್ಥವಿದೆಯೆಂದು ಕೇಳಿದ್ದಕ್ಕೆ ಮಗಳು, “ಅಪ್ಪ, ಸುಮ್ನಿರಿ” ಎಂದಳು.

ಮೇಣ ಸುಮಾರು 60 ಡಿಗ್ರಿಗೇ ಕರಗುವ ಸಾಧುಪ್ರಾಣಿ. ಅದರ ಹಟವೆಲ್ಲ ಆಮೇಲೆ. ಜಲವರ್ಣ ಹಾಕಿದರೆ ಅದರೊಡನೆ ಬೆರೆಯದೆ ತಳದಲ್ಲಿ ಹನಿಗಟ್ಟಿತು. ಕ್ರೇಯಾನ್ ತುರಿದು ಹಾಕಿದರೆ ಬಣ್ಣವೇನೋ ಬಂತು. ಅಚ್ಚಿಗೆ ಹೊಯ್ದದ್ದು ಆರುತ್ತ ಕುಗ್ಗಿ, ನೂಲಿನ ಸುತ್ತ ಬಾವಿಯಂಥ ಗುಳಿ ಬಿತ್ತು. ಮತ್ತೆ ಹೊಯ್ದು ತುಂಬಿಸಿದೆವು. ನರಕ ಚತುರ್ದಶಿಯ ಸಂಜೆ ಮೆಟ್ಟಿಲ ಮೇಲೆ ಆರು ಬತ್ತಿ ಹಚ್ಚಿದರೆ, ಕ್ರೇಯಾನಿನ ಬಣ್ಣ ನೂಲಿಗೆ ಕಟ್ಟಿಕೊಂಡು ಆರಕ್ಕೆ ಆರೂ ಆರಿದವು. ಅದೇ ಹೊತ್ತಿಗೆ ದೇವೀರಮ್ಮನ ಬೆಟ್ಟದ ತುದಿಯಲ್ಲಿ ಜನ ಹೊತ್ತೊಯ್ದ ತುಪ್ಪ, ಸೌದೆ, ಬಟ್ಟೆಗಳ ದೀಪ ಹೊತ್ತಿಕೊಂಡು ನಮ್ಮ ತಾರಸಿಯವರೆಗೂ ಕಾಣುತ್ತಿತ್ತು. ಅದಕ್ಕೆ ಅಚ್ಚೂ ಇರಲಿಲ್ಲ, ಮಲ್ಲಿಗೆಯ ತೈಲವೂ ಇರಲಿಲ್ಲ.

ಇರಲಿ, ನನ್ನ ಚಿಂತೆ ಡಬರಿಯದು. ಕುದಿನೀರು ಹಾಕಿ ಮೇಣ ಕರಗಿಸಿ ಬಚ್ಚಲಿಗೆ ಚೆಲ್ಲಿದೆ. ಅದು ಕೊಳವೆಯಲ್ಲಿ ತಣಿದು ಗಟ್ಟಿಯಾಗಿ, ಬಚ್ಚಲು ಕಟ್ಟಿತು. ಹುಣಸೆಹಣ್ಣು, ಸೀಗೆಪುಡಿ, ಬೂದಿ, ತೆಂಗಿನ ನಾರು, ಎಲ್ಲದರಿಂದಲೂ ಉಜ್ಜಿದೆ. ಕನ್ನಡಿಯಂತೆ ಹೊಳೆದ ಡಬರಿಯಲ್ಲಿ ನೀರು ಕುದಿಸಿ ಡಿಕಾಕ್ಷನ್ ಇಳಿಸಿದರೆ, ಮೇಲೆ ತೆಳುವಾದ ಜಿಡ್ಡಿನ ಮಿನುಗು, ಒಳಗೆ ದಟ್ಟವಾದ ಮಲ್ಲಿಗೆ. “ರೀ, ಇದನ್ನು ಕುಡಿಯೋದೋ, ಮುಡಿಯೋದೋ?” ಎಂದು ನನ್ನ ಹೆಂಡತಿ ಲೋಟ ಕೆಳಗಿಟ್ಟಳು. ಬತ್ತಿಗಳಲ್ಲಿ ಮಾತ್ರ ಆ ತೈಲದ ಸುಳಿವೂ ಇರಲಿಲ್ಲ. ಹಾಕಿದ್ದೆಲ್ಲವನ್ನೂ ಡಬರಿಯೇ ಕುಡಿದಿತ್ತೆಂದು ಕಾಣುತ್ತದೆ.

ಬಲಿಪಾಡ್ಯಮಿಯ ದಿನ ಮೂಡಿಗೆರೆಯ ಕಡೆಯಿಂದ ಭಾವಮೈದುನ ಬಂದ. ತೋಟದ ಮಾಲೀಕ, ಒಂದು ಗುಟುಕಿನಲ್ಲಿ ಬೀಜದ ಜಾತಕ ಹೇಳಬಲ್ಲೆನೆಂಬ ಹೆಮ್ಮೆಯವನು. ಗಡಿಬಿಡಿಯಲ್ಲಿ ಯಾರೋ ಅದೇ ಡಬರಿ ಒಲೆಗೇರಿಸಿಬಿಟ್ಟಿದ್ದರು. ಅವನು ಒಂದು ಗುಟುಕು ಕುಡಿದ, ಕಣ್ಣು ಮುಚ್ಚಿದ, ಇನ್ನೊಂದು ಗುಟುಕು ಕುಡಿದ.

“ಭಾವ, ಯಾರ ತೋಟದ್ದು ಇದು? ಹೂಮಳೆ ಬಿದ್ದು ಕಾಫಿ ಹೂ ಅರಳಿದಾಗ ಬರೋ ಮಲ್ಲಿಗೆಯಂಥ ಘಮ ಬೀಜಕ್ಕೇ ಇಳಿದಿದೆಯಲ್ಲ!”

ಎರಡು ಕೆ.ಜಿ. ಪುಡಿ ಕಳಿಸಿಕೊಡಬೇಕೆಂದು ಅವನು ಹೇಳಿಹೋಗಿ ವಾರವಾಯಿತು. ಜೊತೆಗೆ ಡಬರಿಯನ್ನೂ ಕಳಿಸಬೇಕೇ ಎಂದು ನನ್ನ ಹೆಂಡತಿ ದಿನಕ್ಕೊಮ್ಮೆ ಕೇಳುತ್ತಿದ್ದಾಳೆ.