ನಕ್ಷೆಯಲ್ಲಿ ಮಳೆ ಬರುವುದಿಲ್ಲ

ನಮ್ಮ ಮನೆಯ ಎದುರಿನ 10 ಸೆಂಟ್ಸ್ ಜಾಗದಲ್ಲಿ ಮೂರು ಮಾಳಿಗೆಯ ಕಾಂಪ್ಲೆಕ್ಸ್ ಎದ್ದಿದೆ. ಅದರ ಸೈಟ್ ಪ್ಲ್ಯಾನನ್ನು ಕಣ್ಣಾರೆ ನೋಡಿದ್ದೇನೆ. ಅಷ್ಟು ಚೆಂದದ ಜಾಗ ಕಾಸರಗೋಡು ಜಿಲ್ಲೆಯಲ್ಲಿ ಇನ್ನೊಂದಿಲ್ಲ ಮಾರಾಯರೇ! ಸುತ್ತ ಒಂಬತ್ತು ಮರ, ಒಂಬತ್ತೂ ಒಂದೇ ಅಳತೆಯ ದುಂಡು, ಹೂಕೋಸು ಸಾಲಾಗಿ ಇಟ್ಟ ಹಾಗೆ. ನಿಜಕ್ಕೂ ಅಲ್ಲಿದ್ದದ್ದು ಒಂದೇ ಒಂದು ಹಲಸಿನ ಮರ. ಅದು ದುಂಡಗಿರಲಿಲ್ಲ, ಕಡಿದರು.

ಒಂದು ಕಾರಿಗೆ 5.5 ಮೀಟರ್ ಉದ್ದ, 2.7 ಮೀಟರ್ ಅಗಲ ಬಿಡಬೇಕೆನ್ನುವುದು ಕೇರಳದ 2019ರ ಕಟ್ಟಡ ನಿಯಮ. ಬಿಟ್ಟಿದ್ದರು. ಪರಿಶೀಲನೆಯ ದಿನ ಅಲ್ಲಿ ಕಾರುಗಳೂ ನಿಂತಿದ್ದವು, ಎಲ್ಲ ಧಣಿಗಳ ಭಾವಂದಿರದ್ದು. ಕಟ್ಟಡಕ್ಕೆ ನಂಬ್ರ ಸಿಕ್ಕಿದ ವಾರದೊಳಗೆ ಅದಕ್ಕೊಂದು ಶಟರ್ ಬಿತ್ತು. ಈಗ ಅಲ್ಲಿ ಕಂಬಿಗೆ ಚುಚ್ಚಿ ಸುಡುವ ಶವಾಯಿ ಕೋಳಿ ತಿರುಗುತ್ತಿದೆ. ಕೋಳಿ ತಿರುಗುವುದಕ್ಕೆ 5.5 ಮೀಟರ್ ಬೇಡ ನೋಡಿ, ಉಳಿದದ್ದರಲ್ಲಿ ಮೊಬೈಲ್ ಅಂಗಡಿ.

ರ‍್ಯಾಂಪ್ ಉಂಟು. ಒಂದು ಅಡಿ ಏರಲು ಹನ್ನೆರಡು ಅಡಿ ಉದ್ದ ಬೇಕು. ಜಗಲಿ ಎರಡಡಿ ಎತ್ತರ, ಹಾಗಾಗಿ ನಕ್ಷೆಯಲ್ಲಿ 24 ಅಡಿ. ನೆಲದ ಮೇಲೆ ಆರು. ಗಾಲಿಕುರ್ಚಿಯವರು ಹತ್ತುವುದು ಕಷ್ಟ, ಇಳಿಯುವುದು ಮಾತ್ರ ಭಾರೀ ಬೇಗ. ಸದ್ಯಕ್ಕೆ ಗ್ಯಾಸಿನ ಸಿಲಿಂಡರುಗಳು ಉಪಯೋಗಿಸುತ್ತಿವೆ.

ಇದೆಲ್ಲ ಹೋಗಲಿ. ನನ್ನ ಸಂಕಟ ನೀರಿನದ್ದು.

ಇಲ್ಲಿ ವರ್ಷಕ್ಕೆ ಹತ್ತಿರ ಹತ್ತಿರ 3,500 ಮಿಲ್ಲಿಮೀಟರ್ ಮಳೆ. 10 ಸೆಂಟ್ಸ್ ಎಂದರೆ ಸುಮಾರು 405 ಚದರ ಮೀಟರ್. ಗುಣಿಸಿ ನೋಡಿದರೆ 14 ಲಕ್ಷ ಲೀಟರ್. 12,000 ಲೀಟರಿನ ಟ್ಯಾಂಕರ್ ಲೆಕ್ಕದಲ್ಲಿ ನೂರಕ್ಕೂ ಮಿಕ್ಕಿ. ಹಿಂದೆ ಇದರಲ್ಲಿ ಬಹುಪಾಲನ್ನು ಅಲ್ಲಿದ್ದ ಗದ್ದೆ ಕುಡಿಯುತ್ತಿತ್ತು, ಮಿಕ್ಕದ್ದು ತೋಡಿಗೆ. ಈಗ ಗದ್ದೆಗೆ ನಾಲ್ಕಡಿ ಮಣ್ಣು ತುಂಬಿಸಿ, ಮೇಲೆ ಒಂದು ಹುಲ್ಲುಕಡ್ಡಿಯೂ ತಲೆ ಎತ್ತದ ಹಾಗೆ ಇಂಟರ್‌ಲಾಕ್ ಇಟ್ಟಿಗೆ ಹಾಸಿದ್ದಾರೆ. ನಕ್ಷೆಯಲ್ಲಿ ಮಳೆಕೊಯ್ಲಿನ ಟ್ಯಾಂಕಿ ಇದೆ, ಇಂಗುಗುಂಡಿಯೂ ಇದೆ. ಸ್ಥಳದಲ್ಲಿ ಇರುವುದು ಒಂದು ಮುಚ್ಚಳ. ಎತ್ತಿ ನೋಡಿದೆ, ಕೆಳಗೆ ಇಂಟರ್‌ಲಾಕ್! ಮಾರ್ಚ್ ಕಳೆಯುವಾಗ ಇದೇ ಕಾಂಪ್ಲೆಕ್ಸಿಗೆ ಟ್ಯಾಂಕರಿನಲ್ಲಿ ನೀರು ಬರುತ್ತದೆ. ಹನಿ ನೀರಿಗಾಗಿ ಗುಡ್ಡೆಯ ಹೊಟ್ಟೆಗೆ ಅಡ್ಡಡ್ಡ ಸುರಂಗ ಕೊರೆದ ಅಜ್ಜಂದಿರ ಊರು ಇದು.

ಹಾಗಾದರೆ ಮಳೆನೀರು ಎಲ್ಲಿಗೆ? ಅದಕ್ಕೂ ನಕ್ಷೆಯಲ್ಲಿ ಉತ್ತರವಿದೆ: ನೀಲಿ ಬಣ್ಣದ ಬಾಣ. ಅಂಗಳದ ನಡುವಿನಿಂದ ಹೊರಟು ಗಡಿಗೆರೆಯವರೆಗೆ ಹೋಗಿ ಅಲ್ಲಿ ನಿಂತಿದೆ. ಗೆರೆಯ ಆಚೆ ಬರೀ ಬಿಳಿ ಕಾಗದ. ಆ ಬಿಳಿ ಕಾಗದದಲ್ಲಿ ನಾವು ಆರು ಜನ ವಾಸವಾಗಿದ್ದೇವೆ.

ಇನ್ನು ನಮ್ಮ ಮನೆಯ ವಿಷಯ. ಅಜ್ಜ ಮುರಕಲ್ಲಿನಲ್ಲಿ ಕಟ್ಟಿದ ಹಂಚಿನ ಮನೆ. ಒಂದು ಬಚ್ಚಲು ಸೇರಿಸೋಣವೆಂದು ಕಚೇರಿಗೆ ಹೋದಾಗ ಗೊತ್ತಾಯಿತು, ನಮ್ಮ ಜಾಗ ದಾಖಲೆಯಲ್ಲಿ ‘ನಿಲಂ’. ಕನ್ನಡದ ಕಿವಿಗೆ ನೆಲ ಎಂದು ಕೇಳಿ ಖುಷಿಯಾಯಿತು; ನೆಲ ಅಲ್ಲದೆ ಆಕಾಶವೇ? ಆದರೆ ಕೇರಳದ ಕಡತದಲ್ಲಿ ನಿಲಂ ಎಂದರೆ ಗದ್ದೆ. ಗದ್ದೆ ಉಳಿಸುವ 2008ರ ಕಾಯ್ದೆಯಂತೆ ಅನುಮತಿಯಿಲ್ಲದೆ ಗದ್ದೆಯಲ್ಲಿ ಬಚ್ಚಲು ಕಟ್ಟಲಾಗದು. “ಮನೆ ಕಾಣುವುದಿಲ್ಲವಾ ಸಾರ್?” ಎಂದೆ. “ಕಾಣುತ್ತದೆ, ಆದರೆ ಡಾಟಾ ಬ್ಯಾಂಕ್ ಎಂಬ ಗದ್ದೆಗಳ ಪಟ್ಟಿಯಲ್ಲಿ ಇದು ಗದ್ದೆ, ಮನೆ ಇಲ್ಲ. ಒಂದು ಅಪೇಕ್ಷ ಕೊಡಿ” ಎಂದರು. ಮಲಯಾಳದಲ್ಲಿ ಅಪೇಕ್ಷ ಎಂದರೆ ಅರ್ಜಿ. ಕೊಟ್ಟು ಬಂದೆ, ಅದರ ಜೊತೆ ನಮ್ಮ ಅಪೇಕ್ಷೆಯೂ ಅಲ್ಲೇ ಉಳಿಯಿತು. ಎದುರಿನ ಕಾಂಪ್ಲೆಕ್ಸ್? ಮೊನ್ನೆ ಮೊನ್ನೆಯವರೆಗೆ ಕಪ್ಪೆ ಕೂಗುತ್ತಿದ್ದ ಆ ಜಾಗ ದಾಖಲೆಯಲ್ಲಿ ಪುರಯಿಡಂ, ಎಂದರೆ ಒಣಭೂಮಿ.

ಜೂನ್ ಬಂತು. ಎರಡನೇ ಮಳೆಗೇ ಬಾಣ ಗಡಿ ದಾಟಿತು. ಅಡುಗೆಮನೆಯಲ್ಲಿ ಮೊಣಕಾಲುದ್ದ ಕೆಂಪುನೀರು, ಅಕ್ಕಿಡಬ್ಬ ತೇಲುತ್ತಿತ್ತು. ಸರಿಯಾಗಿ ಅದೇ ದಿನ ನನ್ನ ಅರ್ಜಿಯ ಸ್ಥಳ ಪರಿಶೀಲನೆಗೆ ಅಧಿಕಾರಿ ಬಂದರು, ಒಂದೂವರೆ ವರ್ಷದ ಮೇಲೆ. ಪ್ಯಾಂಟು ಮಡಚಿ ಹೊಸ್ತಿಲಲ್ಲಿ ನಿಂತು ಒಳಗೆ ಇಣುಕಿದರು. ಒಲೆಯ ಬದಿಯಲ್ಲಿ ಕಪ್ಪೆಯೊಂದು ಕೂತಿತ್ತು. ಅವರು ಪೆನ್ನಿನ ಮುಚ್ಚಳ ತೆಗೆದು, ಬರೆಯುತ್ತಾ ಬಾಯಲ್ಲೇ ಹೇಳಿಕೊಂಡರು:

“ನಿಲಂ ತನ್ನೆ. ಗದ್ದೆಯೇ.”